ಅಕೇಶಿಯಾ, ಜಾಲಿ, ಕಗ್ಗಲಿ, ಸೀಗೆ: ಎಲೆ, ಹೂವು, ಕಾಯಿಗಳಿಂದ ಗುರುತಿಸುವುದು ಹೇಗೆ?

ಪ್ರಶ್ನೆ (ಶಿರಸಿ ಸಮೀಪದ ಅಡಿಕೆ ಕೃಷಿಕರು):
ಮೇಡಂ, ನಮಸ್ಕಾರ. ನಮ್ಮ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿ ಒಂದೇ ಬಳಗದವು ಎನ್ನಬಹುದಾದ ಮೂರು ಬಗೆಯ ಗಿಡಗಳಿವೆ. ಮೊದಲನೆಯದು ಪಕ್ಕದ ನೆಡುತೋಪಿನಿಂದ ಬೀಜ ಬಿದ್ದು ತಾನಾಗಿ ಹುಟ್ಟಿದ, ಕುಡುಗೋಲಿನಂತೆ ಬಾಗಿದ ಎಲೆಯ ಅಕೇಶಿಯಾ. ಎರಡನೆಯದು ಸಣ್ಣ ಎಲೆಯ ಮುಳ್ಳುಮರ. ನಾನು ಅದನ್ನು ಜಾಲಿ ಎಂದು ತಿಳಿದು ಕಡಿಸಲು ಹೊರಟಿದ್ದೆ, ಆದರೆ ಊರಿನ ಹಿರಿಯರೊಬ್ಬರು ಅದು ಕಗ್ಗಲಿ ಎಂದು ತಡೆದರು. ಮೂರನೆಯದು ಸೀಗೆಬಳ್ಳಿ. ಕಾಯಿ ಕೊಯ್ಯಲು ಬರುವವರು ಇದರಲ್ಲಿಯೂ ಎರಡು ಜಾತಿ ಇವೆ, ಒಂದರ ಕಾಯಿ ತಲೆಗೆ ಬಾರದು ಎನ್ನುತ್ತಾರೆ. ಇವನ್ನು ಖಚಿತವಾಗಿ ಗುರುತಿಸುವ ದಾರಿಯನ್ನು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ):
ಕಡಿಯುವ ಮೊದಲು ಕೇಳಿದ್ದೀರಿ, ಅದು ನನಗೆ ಬಹಳ ಸಂತೋಷ ತಂದಿದೆ. ಈ ಬಳಗದಲ್ಲಿ ಎಲೆಯೊಂದನ್ನೇ ನಂಬಿದವರು ಹೆಚ್ಚಾಗಿ ತಪ್ಪುತ್ತಾರೆ. ಮುಳ್ಳು, ಹೂವು, ಕಾಯಿ ಮೂರನ್ನೂ ಎಲೆಯೊಡನೆ ಸೇರಿಸಿ ನೋಡಿದರೆ ಮಾತ್ರ ಹೆಸರು ನಿಲ್ಲುತ್ತದೆ.

ಅಕೇಶಿಯಾದಿಂದ ಆರಂಭಿಸುತ್ತೇನೆ. ನೀವು ಎಲೆ ಎಂದು ಕರೆದ ಆ ಕುಡುಗೋಲಿನಾಕಾರದ ಭಾಗ ನಿಜವಾದ ಎಲೆಯಲ್ಲ. ಅದು ಚಪ್ಪಟೆಯಾಗಿ ಹಿಗ್ಗಿ ಎಲೆಯ ಕೆಲಸವನ್ನು ವಹಿಸಿಕೊಂಡ ತೊಟ್ಟು. ಸಸ್ಯಶಾಸ್ತ್ರದಲ್ಲಿ ಇದನ್ನು ಫಿಲ್ಲೋಡ್ ಎನ್ನುತ್ತಾರೆ. ಇದನ್ನು ನನ್ನ ಮಾತಿನ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ, ಮೊದಲ ಮಳೆ ಬಿದ್ದು ಎರಡು ಮೂರು ವಾರ ಕಳೆದ ಮೇಲೆ ಮರದ ಬುಡದ ದರಕನ್ನು ಸರಿಸಿ ಅಲ್ಲಿ ಮೊಳೆತ ಸಸಿಗಳನ್ನು ನೋಡಿರಿ. ಮೊದಲು ಬಂದ ಎಲೆಗಳು ನಾಚಿಕೆಮುಳ್ಳಿನ ಎಲೆಯಂತೆ ಸಣ್ಣ ಸಣ್ಣ ದಳಗಳಿಂದ ಕೂಡಿರುತ್ತವೆ. ಅವುಗಳ ಮೇಲಿನ ಎಲೆಯಲ್ಲಿ ತೊಟ್ಟು ಸ್ವಲ್ಪ ಅಗಲವಾಗಿ, ತುದಿಯಲ್ಲಿ ಮಾತ್ರ ಗರಿ ಉಳಿದಿರುತ್ತದೆ. ಇನ್ನೂ ಮೇಲಕ್ಕೆ ಹೋದಂತೆ ಗರಿ ಇಲ್ಲವಾಗಿ ಹಿಗ್ಗಿದ ತೊಟ್ಟು ಮಾತ್ರ ಉಳಿಯುತ್ತದೆ. ಗೇಣುದ್ದದ ಒಂದೇ ಸಸಿಯಲ್ಲಿ ಈ ಮೂರೂ ಹಂತಗಳನ್ನು ಕಾಣಬಹುದು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಕ್ಕಿಲ್ಲ.

ನಮ್ಮ ಜಿಲ್ಲೆಯ ನೆಡುತೋಪುಗಳಲ್ಲಿ ಹೀಗೆ ಫಿಲ್ಲೋಡ್ ಇರುವ ಎರಡು ಜಾತಿಗಳು ಸಾಮಾನ್ಯ. ಎರಡೂ ಆಸ್ಟ್ರೇಲಿಯಾ ಮತ್ತು ಅದರ ಉತ್ತರದ ದ್ವೀಪಗಳಿಂದ ಬಂದವು. ಫಿಲ್ಲೋಡ್ ಎರಡು ಮೂರು ಸೆಂಟಿಮೀಟರ್ ಮಾತ್ರ ಅಗಲವಿದ್ದು, ಹೂವು ಬಂಗಾರದ ಹಳದಿಯ ತೆನೆಯಾಗಿದ್ದರೆ ಅದು ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಫಿಲ್ಲೋಡ್ ಅಂಗೈಯಷ್ಟು ಅಗಲವಾಗಿ, ಬುಡದಿಂದ ತುದಿಯವರೆಗೆ ಸಾಮಾನ್ಯವಾಗಿ ನಾಲ್ಕು ದಪ್ಪ ನರಗಳು ಹರಿದು, ಹೂತೆನೆ ಬಿಳಿ ಅಥವಾ ಕೆನೆಬಣ್ಣವಾಗಿದ್ದರೆ ಅದು ಮ್ಯಾಂಜಿಯಂ. ಕಾಯಿಯೂ ಬೇರೆ: ಆರಿಕ್ಯುಲಿಫಾರ್ಮಿಸ್‌ನದು ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ, ಬಲಿತಾಗ ಕಿವಿಯಂತೆ ತಿರುಚಿಕೊಳ್ಳುವ ಗಟ್ಟಿ ಕಾಯಿ, ಹೆಸರಿನ ಅರ್ಥವೂ ಕಿವಿಯ ಆಕಾರದ್ದು ಎಂದೇ. ಮ್ಯಾಂಜಿಯಂನ ಕಾಯಿ ಬಹಳ ಕಿರಿದಾಗಿ, ಸುರುಳಿ ಸುತ್ತಿ ಗೊಂಚಲಾಗಿ ನೇತಾಡುತ್ತದೆ. ಒಡೆದ ಕಾಯಿಯಲ್ಲಿ ಕಪ್ಪು ಬೀಜ ಬಣ್ಣದ ದಾರವೊಂದಕ್ಕೆ ಜೋತುಬಿದ್ದಿರುವುದನ್ನು ನೀವು ನೋಡಿರಬಹುದು. ಆ ದಾರ ಬೀಜವನ್ನು ಸುತ್ತುವರಿದಿದ್ದರೆ ಆರಿಕ್ಯುಲಿಫಾರ್ಮಿಸ್, ಬೀಜದ ಬುಡದಲ್ಲಿ ಮಾತ್ರ ಮಡಿಸಿಕೊಂಡಿದ್ದರೆ ಮ್ಯಾಂಜಿಯಂ. ಇವೆರಡರ ಮಿಶ್ರತಳಿಯೂ ಉಂಟು; ಅದರ ಲಕ್ಷಣಗಳು ನಡುವೆ ಇರುತ್ತವೆ, ಹಾಗಾಗಿ ಎಲ್ಲ ಮರವೂ ಎರಡರಲ್ಲಿ ಒಂದಕ್ಕೆ ಸರಿಯಾಗಿ ಹೊಂದಲೇಬೇಕೆಂದು ಹಠ ಹಿಡಿಯಬಾರದು.

ಇನ್ನು ನಿಮ್ಮ ಮುಳ್ಳುಮರ. ಇಲ್ಲಿ ಮೊದಲು ನೋಡಬೇಕಾದದ್ದು ಮುಳ್ಳು. ಎಲೆಯ ಬುಡದಲ್ಲಿ ಜೋಡಿಯಾಗಿ, ನೇರವಾಗಿ, ಸೂಜಿಯಂತೆ ಚಾಚಿಕೊಂಡ ಬಿಳಿಚಿದ ಮುಳ್ಳಿದ್ದರೆ ಕರಿಜಾಲಿ. ಮುಳ್ಳು ಜೋಡಿಯಾಗಿದ್ದರೂ ಗಿಡ್ಡಗಾಗಿ, ಹುಲಿಯುಗುರಿನಂತೆ ಕೆಳಕ್ಕೆ ಕೊಕ್ಕೆಯಾಗಿದ್ದರೆ ಕಗ್ಗಲಿ, ಅಂದರೆ ನಾವು ಕವಳಕ್ಕೆ ಹಾಕುವ ಕಾಚನ್ನು ಚೇಗಿನಿಂದ ಬೇಯಿಸಿ ತೆಗೆಯುವ ಮರ. ಕಾರವಾರದ ಕಡೆಯ ಕೊಂಕಣಿ ಮಾತನಾಡುವವರು ಇದನ್ನು ಖೈರ ಎನ್ನುತ್ತಾರೆ. ಕರಿಜಾಲಿಯ ಎಲೆಯಲ್ಲಿ ಗರಿಗಳು, ಅಂದರೆ ಎಲೆಯ ನಡುದಂಟಿನ ಎರಡೂ ಬದಿಗೆ ಚಾಚಿ ಕಿರುದಳಗಳನ್ನು ಹೊತ್ತ ಕವಲುಗಳು, ಮೂರರಿಂದ ಎಂಟು ಜೋಡಿ; ಕಗ್ಗಲಿಯಲ್ಲಿ ಹತ್ತರಿಂದ ಮೂವತ್ತು ಜೋಡಿ ಇರುವುದರಿಂದ ಎಲೆ ಬಹಳ ನಯವಾಗಿ ಕಾಣುತ್ತದೆ. ಕರಿಜಾಲಿಯ ಹೂವು ಹಳದಿ ಚೆಂಡು, ಕಗ್ಗಲಿಯದು ಮಳೆಗಾಲದಲ್ಲಿ ಬಿಡುವ ತಿಳಿಹಳದಿ ತೆನೆ. ಕಾಯಿಯಲ್ಲಂತೂ ಸಂಶಯವೇ ಬೇಡ: ಕರಿಜಾಲಿಯ ಬೂದುಬಣ್ಣದ ಕಾಯಿ ಬೀಜಬೀಜಕ್ಕೂ ನಡುವೆ ಹಿಸುಕಿದಂತಾಗಿ ಮಣಿಸರದಂತೆ ಇರುತ್ತದೆ, ಕಗ್ಗಲಿಯ ಕಾಯಿ ತೆಳ್ಳಗೆ, ಚಪ್ಪಟೆಯಾಗಿ, ಕಂದುಬಣ್ಣದ ಪಟ್ಟಿಯಂತೆ ಇರುತ್ತದೆ. ಬೇಸಿಗೆಯಲ್ಲಿ ಕಗ್ಗಲಿ ಎಲೆ ಉದುರಿಸುವುದರಿಂದ ಆಗ ಮುಳ್ಳು ಮತ್ತು ಉಳಿದ ಒಣಕಾಯಿಗಳೇ ನಿಮಗೆ ಆಧಾರ.

ಸೀಗೆಯ ವಿಷಯದಲ್ಲಿ ಕೊಯ್ಲಿನವರು ಹೇಳಿದ್ದು ಸರಿ. ನಿಜವಾದ ಸೀಗೆಯ ಕಾಯಿ ಹಸಿಯಾಗಿದ್ದಾಗ ದಪ್ಪವಾಗಿ ತಿರುಳು ತುಂಬಿರುತ್ತದೆ, ಒಣಗಿದಾಗ ಸುಕ್ಕುಗಟ್ಟುತ್ತದೆ, ನೀರಿನಲ್ಲಿ ಉಜ್ಜಿದರೆ ನೊರೆ ಕೊಡುತ್ತದೆ. ಕಾಡುಸೀಗೆ ಎನ್ನುವ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬಳ್ಳಿಗಳಿವೆ. ಅವುಗಳ ಕಾಯಿ ಅಗಲವಾಗಿ, ಕಾಗದದಂತೆ ತೆಳ್ಳಗಿದ್ದು, ಒಳಗಿನ ಬೀಜದ ಉಬ್ಬು ಹೊರಗಿನಿಂದಲೇ ಕಾಣುತ್ತದೆ. ಎಲೆಯಿಂದ ಗುರುತಿಸಬೇಕಾದರೆ, ಸೀಗೆಯ ಕಿರುದಳಗಳು ತುಸು ಅಗಲ, ಬಾಯಿಗೆ ಹಾಕಿದರೆ ಹುಳಿ. ಕಾಡುಸೀಗೆಗಳಲ್ಲಿ ಒಂದರ ದಳಗಳು ಕೂದಲೆಳೆಯಂತೆ ಕಿರಿದು. ಆದರೆ ಯಾವ ಬಳ್ಳಿ ಎಂದು ಖಾತ್ರಿಯಾಗದೆ ಎಲೆಯನ್ನು ಬಾಯಿಗೆ ಹಾಕಬೇಡಿರಿ. ಎರಡರ ಹೂವೂ ಚೆಂಡಿನಾಕಾರದ್ದೇ ಆದ್ದರಿಂದ ದೂರದಿಂದ ಹೂವು ನೋಡಿ ತೀರ್ಮಾನಿಸಲಾಗದು.

ಪ್ರಶ್ನೆ (ಕಾರವಾರದ ಪ್ರೌಢಶಾಲಾ ಶಿಕ್ಷಕರು):
ಮೇಡಂ, ಹಳೆಯ ಪಠ್ಯದಲ್ಲಿ ಕರಿಜಾಲಿಯನ್ನು ಅಕೇಶಿಯಾ ನಿಲೋಟಿಕಾ ಎಂದು ಓದಿದ್ದೆವು. ಈಗ ಮಕ್ಕಳು ವಾಚೆಲಿಯಾ ಎಂಬ ಹೆಸರು ತರುತ್ತಾರೆ. ಯಾವುದು ಸರಿ?

ಉತ್ತರ:
ಮಕ್ಕಳು ತಂದ ಹೆಸರೇ ಈಗ ಸರಿ. ಹಿಂದೆ ಅಕೇಶಿಯಾ ಎಂಬ ಒಂದೇ ದೊಡ್ಡ ಕುಲದಲ್ಲಿದ್ದ ಸಸ್ಯಗಳು ಒಂದೇ ಮೂಲದವಲ್ಲ ಎಂದು ತಿಳಿದಾಗ ಅದನ್ನು ಒಡೆಯಬೇಕಾಯಿತು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನವು ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಉಳಿಸಿತು, 2011ರಲ್ಲಿ ಮೆಲ್ಬರ್ನ್‌ನ ಸಮ್ಮೇಳನದಲ್ಲಿ ಅದೇ ನಿಂತಿತು. ಆಸ್ಟ್ರೇಲಿಯಾದ ಗುಂಪಿನಲ್ಲಿ ಸಾವಿರದಷ್ಟು ಜಾತಿಗಳಿರುವುದು ಇದಕ್ಕೆ ಮುಖ್ಯ ಕಾರಣ. ಅಕೇಶಿಯಾ ಎಂಬ ಪದದ ಮೂಲ ಮುಳ್ಳು ಎಂಬರ್ಥದ ಗ್ರೀಕ್ ಪದವಾದ್ದರಿಂದ, ಮುಳ್ಳಿಲ್ಲದ ಮರಕ್ಕೆ ಆ ಹೆಸರು ಉಳಿದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಮಕ್ಕಳಿಗೆ ಹೊಸ ವಿಭಾಗವನ್ನು ಮುಳ್ಳಿನಿಂದಲೇ ಕಲಿಸಬಹುದು. ಎಲೆಯ ಬುಡದ ಉಪಪತ್ರಗಳೇ ಜೋಡಿ ನೇರಮುಳ್ಳಾಗಿ, ಹೂವು ಚೆಂಡಾಗಿದ್ದರೆ ಹೆಚ್ಚಾಗಿ ವಾಚೆಲಿಯಾ; ಕರಿಜಾಲಿ, ಕಸ್ತೂರಿಜಾಲಿ ಇದರಲ್ಲಿವೆ. ಕೊಕ್ಕೆಮುಳ್ಳಿದ್ದರೆ ಸೆನೆಗಾಲಿಯಾ, ಕಗ್ಗಲಿಯೂ ಸೀಗೆಯೂ ಇಲ್ಲಿಗೆ ಸೇರುತ್ತವೆ. ಮುಳ್ಳಿಲ್ಲದೆ ಫಿಲ್ಲೋಡ್ ಇದ್ದರೆ ನಮ್ಮ ಜಿಲ್ಲೆಯ ಮಟ್ಟಿಗೆ ಅದು ಅಕೇಶಿಯಾ.

ಪ್ರಶ್ನೆ (ಮುಂಡಗೋಡಿನಿಂದ ಒಬ್ಬ ಸದಸ್ಯರು):
ನಮ್ಮ ಕಡೆ ಬಳ್ಳಾರಿ ಜಾಲಿ, ಸುಬಾಬುಲ್, ಬಾಗೆ ಎಲ್ಲವೂ ಇವೆ. ಇವೂ ಇದೇ ಬಳಗವೇ?

ಉತ್ತರ:
ನೆಂಟರು ಹೌದು, ಬಳಗದವಲ್ಲ. ಇದನ್ನು ತೀರ್ಮಾನಿಸುವುದು ಕೇಸರಗಳು. ಹೊಸದಾಗಿ ಅರಳಿದ ಹೂಚೆಂಡಿನಿಂದ ಸೂಜಿಯ ತುದಿಯಲ್ಲಿ ಒಂದೇ ಹೂವನ್ನು ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿರಿ. ಕೇಸರಗಳು ಎಣಿಸಲಾಗದಷ್ಟಿದ್ದು ಬುಡದವರೆಗೆ ಬಿಡಿಬಿಡಿಯಾಗಿದ್ದರೆ ಜಾಲಿಯ ಬಳಗ. ಬಹಳ ಇದ್ದರೂ ಬುಡದಲ್ಲಿ ಕೂಡಿಕೊಂಡು ಕೊಳವೆಯಾಗಿದ್ದರೆ ಬಾಗೆ ಮತ್ತು ಅದರ ಸೋದರರು. ಹತ್ತೇ ಇದ್ದರೆ ಬಳ್ಳಾರಿ ಜಾಲಿ ಅಥವಾ ಸುಬಾಬುಲ್. ಈ ಎರಡನ್ನು ಬಿಡಿಸುವುದು ಸುಲಭ: ಬಳ್ಳಾರಿ ಜಾಲಿಗೆ ಮುಳ್ಳು, ಹಳದಿ ಹೂತೆನೆ, ಒಡೆಯದ ಸಿಹಿ ಹಳದಿ ಕಾಯಿ, ಸುಬಾಬುಲ್‌ಗೆ ಮುಳ್ಳಿಲ್ಲ, ಬಿಳಿ ಚೆಂಡು, ಗೊಂಚಲಾಗಿ ನೇತಾಡುವ ಚಪ್ಪಟೆ ಕಾಯಿ.

ಮರುಪ್ರಶ್ನೆ (ಶಿರಸಿಯ ಕೃಷಿಕರು):
ಮೇಡಂ, ಇಂದು ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ನೋಡಿದೆ. ಮುಳ್ಳು ಜೋಡಿಯಾಗಿ ಕೊಕ್ಕೆಯಾಗಿದೆ. ಒಂದು ಎಲೆಯಲ್ಲಿ ಹದಿನೆಂಟು ಜೋಡಿ ಗರಿ ಎಣಿಸಿದೆ. ಬುಡದಲ್ಲಿ ಬೆರಳುದ್ದದ ಚಪ್ಪಟೆ ಕಂದು ಕಾಯಿ ಸಿಕ್ಕಿತು, ಒಳಗೆ ಐದು ಬೀಜಗಳಿದ್ದವು.

ಉತ್ತರ:
ನಿಮ್ಮ ಊರಿನ ಹಿರಿಯರ ಮಾತೇ ಸರಿ, ಅದು ಕಗ್ಗಲಿ. ನಾನೇ ಬಂದು ನೋಡಿದ್ದರೂ ಇದಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ. ಕಡಿಯುವ ಯೋಚನೆಯನ್ನು ಕೈಬಿಡಿರಿ ಎಂದು ಕೇಳಿಕೊಳ್ಳುತ್ತೇನೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ: ಕಗ್ಗಲಿಯ ಹತ್ತಿರದ ಸಂಬಂಧಿ ಕೆಂಪುಕಗ್ಗಲಿಯೂ ನಮ್ಮ ರಾಜ್ಯದಲ್ಲಿದೆ, ಎಲೆ ಕಾಯಿಗಳಲ್ಲಿ ಇವೆರಡನ್ನೂ ಬಿಡಿಸುವುದು ಕಷ್ಟ. ಮಳೆಗಾಲದಲ್ಲಿ ಹೂತೆನೆ ಬಂದಾಗ ಅದರ ದಂಡವನ್ನೂ ಹೂವಿನ ಹೊರದಳವನ್ನೂ ಭೂತಗನ್ನಡಿಯಲ್ಲಿ ನೋಡಿರಿ. ನವಿರಾದ ರೋಮವಿದ್ದರೆ ಕಗ್ಗಲಿ, ಪೂರ್ತಿ ನುಣುಪಾಗಿದ್ದರೆ ಕೆಂಪುಕಗ್ಗಲಿ. ಅಡ್ಡಮಳೆ ಹೊಡೆದರೆ ತೆನೆ ಬೇಗ ಉದುರುತ್ತದೆ, ಆದ್ದರಿಂದ ಮಳೆ ಬಿಟ್ಟ ದಿನವೇ ಒಂದು ಚಿತ್ರ ತೆಗೆದು ಇಲ್ಲಿ ಹಾಕಿರಿ.