ಸಹಾಯ ಬೇಕು: ಹಳ್ಳಿಯಲ್ಲಿರುವ ಮಗುವಿಗೆ ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಶನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ಕೊಡುವ ತರಬೇತಿ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ತಂಗಿ ಇರುವುದು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿ. ಅವಳ ಮಗನಿಗೆ ನಾಲ್ಕು ವರ್ಷ, ಇನ್ನೂ ಮಾತು ಬಂದಿಲ್ಲ. ಕಿವಿ ಪರೀಕ್ಷೆ ಆಗಿದೆ, ಸರಿಯಾಗಿದೆ. ನೀರು ಬೇಕಾದರೆ ಅಮ್ಮನ ಕೈ ಹಿಡಿದು ಕೊಡದ ಹತ್ತಿರ ಎಳೆದುಕೊಂಡು ಹೋಗುತ್ತಾನೆ. ಚಮಚ ಹಿಡಿಯಲು, ಅಂಗಿ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ.

ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರು ನೋಡಿ, ಜಿಲ್ಲೆಯಲ್ಲಿರುವ ಸರ್ಕಾರಿ ಮಕ್ಕಳ ಥೆರಪಿ ಕೇಂದ್ರಕ್ಕೆ ಬರೆದುಕೊಟ್ಟರು. ಅಲ್ಲಿ ಕೋಣೆ ಇದೆ, ಆಟದ ಸಾಮಾನು ಇದೆ, ಥೆರಪಿಸ್ಟ್ ಮಾತ್ರ ಇಲ್ಲ. ಇದ್ದವರು ಬಿಟ್ಟು ಹೋದರಂತೆ. ಗುತ್ತಿಗೆ ಕೆಲಸ, ಯಾರು ತಾನೆ ಉಳಿಯುತ್ತಾರೆ? ಇಲ್ಲಿ ನೋಡಿದರೆ ನಮ್ಮ ರಸ್ತೆಯಲ್ಲೇ ಥೆರಪಿ ಸೆಂಟರ್ ಇದೆ. ಹಾಗಂತ ಹೊಲ ಮನೆ ಬಿಟ್ಟು ಅವರು ಬರೋಕಾಗಲ್ಲ ಅಲ್ವಾ?

ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಆನ್‌ಲೈನ್‌ನಲ್ಲೂ ಥೆರಪಿ ಕೊಡುತ್ತಾರೆ. ಇಲ್ಲಿ ಯಾರಾದರೂ ಸೇರಿಸಿದ್ದೀರಾ? ಎಷ್ಟು ದಿನ ಕಾಯಬೇಕು? ಮೊದಲ ಸಲ ಮೈಸೂರಿಗೇ ಹೋಗಬೇಕಾ? ಓಟಿಗೆ, ವಿಡಿಯೋ ಕಾಲ್‌ನಲ್ಲಿ ಕನ್ನಡದಲ್ಲೇ ತಾಯಿಗೆ ಹೇಳಿಕೊಡುವವರು ಬೇಕು. ಫೀಸ್ ನಾನು ಕೊಡುತ್ತೇನೆ. ಸ್ಪೀಚ್ ಥೆರಪಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಲೇಬೇಕು. ‘ಗಂಡು ಮಕ್ಕಳಿಗೆ ಮಾತು ತಡ’ ಅನ್ನೋ ಸಲಹೆ ಈಗಾಗಲೇ ಜಾಸ್ತಿ ಸಿಕ್ಕಿದೆ, ದಯವಿಟ್ಟು ಅದು ಬೇಡ. ಗೊತ್ತಿದ್ದವರು ಇನ್‌ಬಾಕ್ಸ್ ಮಾಡಿ.