ಬಿಸಿಲು ಏರಿದಾಗಲೇ ಇನ್ವರ್ಟರ್ ಟ್ರಿಪ್: 'ಗ್ರಿಡ್ ಓವರ್ ವೋಲ್ಟೇಜ್'ಗೆ ಏನು ಮಾಡುವುದು?

ತೋಟದಮನೆ, ಚನ್ನರಾಯಪಟ್ಟಣ:
ನಮಸ್ಕಾರ. ಮನೆಗೆ ಸಿಂಗಲ್ ಫೇಸ್. ತಾರಸಿ ಮೇಲೆ 540 ವ್ಯಾಟ್‌ನ 6 ಸೋಲಾರ್ ಪ್ಯಾನೆಲ್, ಅದರ ಕರೆಂಟನ್ನು ಎಸಿ ಮಾಡಿ ಲೈನಿಗೆ (ಗ್ರಿಡ್‌ಗೆ) ಕೊಡುವ 3 ಕಿಲೋವ್ಯಾಟ್ ಆನ್‌ಗ್ರಿಡ್ ಇನ್ವರ್ಟರ್, ಹೊರಗೆ ಕಳಿಸಿದ್ದನ್ನೂ ಲೆಕ್ಕ ಹಿಡಿಯುವ ನೆಟ್ ಮೀಟರ್ ಎಲ್ಲ ಆಗಿದೆ. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಹನ್ನೊಂದರಿಂದ ಎರಡರವರೆಗೆ ಮಾತ್ರ 'ಗ್ರಿಡ್ ಓವರ್ ವೋಲ್ಟೇಜ್' ಅಂತ ತೋರಿಸಿ ನಿಲ್ಲುತ್ತದೆ, ತಾನೇ ಆನ್ ಆಗಿ ಮತ್ತೆ ಟ್ರಿಪ್ ಆಗುತ್ತದೆ. ಮೋಡದ ದಿನ ತೊಂದರೆಯೇ ಇಲ್ಲ. ಇನ್ವರ್ಟರ್‌ನಿಂದ ಮೀಟರ್ ಬೋರ್ಡ್‌ಗೆ 35 ಮೀಟರ್ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದಿದ್ದಾರೆ. ಕಂಬದಿಂದ ಮನೆಗೆ 30 ಮೀಟರ್ ಅಲ್ಯೂಮಿನಿಯಂ ಸರ್ವೀಸ್ ವೈರ್, 4 ಸ್ಕ್ವೇರ್ ಎಂಎಂ. ಹಾಕಿಕೊಟ್ಟವರು ಇನ್ವರ್ಟರ್ ಟ್ರಿಪ್ ಆಗುವ ಲಿಮಿಟ್ಟನ್ನು 270 ವೋಲ್ಟ್‌ಗೆ ಏರಿಸೋಣ ಅನ್ನುತ್ತಿದ್ದಾರೆ. ಏರಿಸಬಹುದೇ?

ಸೋಲಾರ್ ವೈರಿಂಗ್, ತುಮಕೂರು:
ದಯವಿಟ್ಟು ಏರಿಸಬೇಡಿ ಸರ್. ನಮ್ಮಲ್ಲಿ 230ರ ಮೇಲೆ ಶೇ. 10, ಅಂದರೆ 253 ವೋಲ್ಟ್ ದಾಟಿದರೆ ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನಿನಿಂದ ಬಿಡಿಸಿಕೊಳ್ಳಬೇಕೆಂಬುದು ನಿಯಮ. ಆ ಲಿಮಿಟ್ ತೆಗೆದರೆ ಇನ್ವರ್ಟರ್ ಓಡುತ್ತದೆ ನಿಜ, ಆದರೆ ಹೆಚ್ಚಿದ ವೋಲ್ಟೇಜು ನಿಮ್ಮ ಫ್ರಿಜ್ಜು, ಎಲ್‌ಇಡಿ ಬಲ್ಬುಗಳ ಮೇಲೂ, ಪಕ್ಕದ ಮನೆಯವರ ಸಾಮಾನಿನ ಮೇಲೂ ಬೀಳುತ್ತದೆ.

ಕರೆಂಟು ಹೊರಗೆ ಹೋಗಬೇಕಾದರೆ ಇನ್ವರ್ಟರ್‌ನ ವೋಲ್ಟೇಜು ಕಂಬದ್ದಕ್ಕಿಂತ ಮೇಲಿರಲೇಬೇಕು. ಎಷ್ಟು ಮೇಲೆ ಅನ್ನುವುದನ್ನು ವೈರು ತೀರ್ಮಾನಿಸುತ್ತದೆ. 3 ಕಿಲೋವ್ಯಾಟ್ ಅಂದರೆ 13 ಆಂಪಿಯರ್. 2.5ರ ತಾಮ್ರಕ್ಕೆ ಕಿಲೋಮೀಟರಿಗೆ 7.4 ಓಮ್, ಫೇಸ್, ನ್ಯೂಟ್ರಲ್ ಎರಡೂ ಸೇರಿ 70 ಮೀಟರ್‌ಗೆ 0.52 ಓಮ್. ಅಲ್ಲಿಗೇ 6.7 ವೋಲ್ಟ್ ಏರಿತು. 4ರ ಅಲ್ಯೂಮಿನಿಯಂಗೂ ಹೆಚ್ಚುಕಮ್ಮಿ ಅಷ್ಟೇ ಓಮ್, ಹಾಗಾಗಿ ಸರ್ವೀಸ್ ವೈರಿನಲ್ಲಿ ಇನ್ನೂ 5.8. ಮೋಡ ಇದ್ದರೆ ಕರೆಂಟು ಕಡಿಮೆ, ಏರಿಕೆಯೂ ಕಡಿಮೆ.

ಮಧ್ಯಾಹ್ನ ಮನೆಯ ಲೋಡೆಲ್ಲ ಆಫ್ ಮಾಡಿ ಮೂರು ಅಳತೆ ತೆಗೆಯಿರಿ: ಸೋಲಾರ್‌ನ ಎಸಿ ಎಂಸಿಬಿ (ಟ್ರಿಪ್ ಸ್ವಿಚ್) ಇಳಿಸಿ ಮೀಟರ್ ಬಳಿ ಒಂದು, ಏರಿಸಿ ಪೂರ್ತಿ ಓಡುವಾಗ ಅಲ್ಲೇ ಇನ್ನೊಂದು, ಆಗಲೇ ಇನ್ವರ್ಟರ್ ಪರದೆಯಲ್ಲಿ ಮೂರನೆಯದು.

ಲೈನ್ ಕೆಲಸ, ಹಾವೇರಿ:
ವೈರಿನ ಲೆಕ್ಕ ಸರಿ. ಜೊತೆಗೆ ಜಾಯಿಂಟ್‌ಗಳನ್ನೂ ನೋಡಿಸಿ. ಅಲ್ಯೂಮಿನಿಯಂ ಸರ್ವೀಸ್ ವೈರನ್ನು ತಾಮ್ರಕ್ಕೆ ಸುಮ್ಮನೆ ಹೊಸೆದು ಟೇಪ್ ಸುತ್ತಿರುತ್ತಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಬಿಳಿ ಪುಡಿ ಕಟ್ಟಿ ರೆಸಿಸ್ಟೆನ್ಸ್ ಏರುತ್ತದೆ, ಟೇಪ್ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಜೋಡಿಸಲೆಂದೇ ಇರುವ ಬೈಮೆಟಾಲಿಕ್ ಲಗ್ ಹಾಕಿಸಿ. ಮೀಟರಿನ ಮುಂಚಿನ ಜಾಯಿಂಟ್, ಕಂಬದ ಜಾಯಿಂಟ್ ಲೈನ್‌ಮನ್ ಕೆಲಸ, ನೀವು ಮುಟ್ಟಬೇಡಿ.

ಸೋಲಾರ್ ಆಫ್ ಇದ್ದಾಗಲೂ ವೋಲ್ಟೇಜು 200ಕ್ಕೆ ಬಿದ್ದು 260ಕ್ಕೆ ಜಿಗಿಯುತ್ತಿದ್ದರೆ ನ್ಯೂಟ್ರಲ್ ಸಡಿಲವಾಗಿರುವ ಲಕ್ಷಣ. ತಕ್ಷಣ ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಿ. ಏರಿಳಿತವಿಲ್ಲದೆ 248ರ ಆಸುಪಾಸು ನಿಂತಿದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯಿಂದಲೇ ಹೆಚ್ಚು ಬರುತ್ತಿದೆ ಎಂದರ್ಥ. ಹಳ್ಳಿಯ 25, 63 ಕೆವಿಎ ಟಿಸಿಗಳಲ್ಲಿ ಸಾಮಾನ್ಯವಾಗಿ ವೋಲ್ಟೇಜು ಏರಿಸಿ ಇಳಿಸುವ ಟ್ಯಾಪ್ ಇರುವುದಿಲ್ಲ, ಆದ್ದರಿಂದ ಹೆಚ್ಚು ಲೋಡ್ ಇದ್ದು ವೋಲ್ಟೇಜು ಕಡಿಮೆ ಇರುವ ಫೇಸ್‌ಗೆ ನಮ್ಮ ಸರ್ವೀಸ್ ಬದಲಿಸಿಕೊಡಿ ಎಂದು ಸೆಕ್ಷನ್ ಆಫೀಸಿಗೆ ಬರೆದುಕೊಡಿ.

ತೋಟದಮನೆ, ಚನ್ನರಾಯಪಟ್ಟಣ:
ಅಳತೆ: ಸೋಲಾರ್ ಆಫ್ ಇದ್ದಾಗ ಮೀಟರ್ ಬಳಿ 239. ಆನ್ ಮಾಡಿದಾಗ ಮೀಟರ್ ಬಳಿ 245, ಇನ್ವರ್ಟರ್‌ನಲ್ಲಿ 252. ಮಧ್ಯಾಹ್ನ ಗೀಸರ್ ಹಾಕಿಟ್ಟರೆ ಸಾಲದೇ?

ಸೋಲಾರ್ ವೈರಿಂಗ್, ತುಮಕೂರು:
ಟಿಸಿಯದು ತಪ್ಪಿಲ್ಲ. 7 ವೋಲ್ಟ್ ನಿಮ್ಮ ಮನೆಯೊಳಗಿನ ವೈರಿನದೇ. 2 ಕಿಲೋವ್ಯಾಟ್ ಗೀಸರ್ ಸರ್ವೀಸ್ ವೈರಿನ ಏರಿಕೆಯನ್ನು 4 ವೋಲ್ಟಿನಷ್ಟು ಇಳಿಸುತ್ತದೆ, ತಾರಸಿಯಿಂದ ಬೋರ್ಡ್‌ವರೆಗಿನ ವೈರಿನಲ್ಲಿ ಮಾತ್ರ ಪೂರ್ತಿ 13 ಆಂಪಿಯರ್ ಹರಿಯುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಕಟ್ ಆದ ಕ್ಷಣ ಮತ್ತೆ ಟ್ರಿಪ್.

ಆ 35 ಮೀಟರನ್ನು 6 ಸ್ಕ್ವೇರ್ ಎಂಎಂ ತಾಮ್ರಕ್ಕೆ ಬದಲಿಸಿ. ಏರಿಕೆ 2.8ಕ್ಕೆ ಇಳಿಯುತ್ತದೆ, ಇನ್ವರ್ಟರ್‌ನಲ್ಲಿ 248 ಸಿಗುತ್ತದೆ. 10ರ ಅಲ್ಯೂಮಿನಿಯಂ ಕೂಡ ಅಷ್ಟೇ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ. ಆದರೆ ಎರಡೂ ತುದಿಗೆ ಲಗ್ ಬೇಕು, ಎಂಸಿಬಿ ಟರ್ಮಿನಲ್‌ಗೆ ನೇರ ತುರುಕುವಂತಿಲ್ಲ. ವೈರ್ ಬದಲಿಸುವ ಮೊದಲು ಇನ್ವರ್ಟರ್‌ನ ಡಿಸಿ ಸ್ವಿಚ್, ಎಸಿ ಎಂಸಿಬಿ, ಮನೆಯ ಮೇನ್ ಮೂರನ್ನೂ ಇಳಿಸಿ, ಟೆಸ್ಟರ್ ಹಿಡಿದು ನೋಡಿಯೇ ಕೈ ಹಾಕಿಸಿ. ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್ ಕಡೆಯ ವೈರಿನಲ್ಲಿ 300 ವೋಲ್ಟ್ ಹತ್ತಿರ ಇದ್ದೇ ಇರುತ್ತದೆ. ಹಾಗಾಗಿ ಪ್ಯಾನೆಲ್ ವೈರು ಸೇರಿಸುವ ಎಂಸಿ4 ಕನೆಕ್ಟರ್ ಎಳೆಯುವುದು ಬೇಡ.