ಎದ್ದು ನಿಂತು ಓದು ಅಂದಾಗ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮದ್ದೂರು ಕಡೆಯ ತಾಯಿಯೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಮಗ ಏಳನೇ ತರಗತಿ, ಸರ್ಕಾರಿ ಶಾಲೆ. ಬಾಯಿಲೆಕ್ಕದಲ್ಲಿ ಚುರುಕು, ಕೆಟ್ಟ ಸೈಕಲ್ ಬಿಚ್ಚಿ ತಾನೇ ಜೋಡಿಸುತ್ತಾನೆ. ಆದರೆ ಪಾಠ ಓದು ಅಂದರೆ ಒಂದು ಸಾಲಿಗೆ ನಾಲ್ಕು ಕಡೆ ನಿಲ್ಲುತ್ತಾನೆ. ನಾಲ್ಕನೇ ತರಗತಿಯ ನಾದಿನಿ ಮಗಳು ಅವನೆದುರೇ ಪಟಪಟನೆ ಓದಿದ ದಿನದಿಂದ ಪುಸ್ತಕ ಮುಟ್ಟುತ್ತಿಲ್ಲ. "ಗಾರ್ಮೆಂಟ್ಸ್ ಮುಗಿಸಿ ನಾನು ಮನೆಗೆ ಬರುವಾಗ ಏಳೂವರೆ. ಮನೆಯಲ್ಲಿ ಏನು ಮಾಡಲಿ, ಶಾಲೆಯಲ್ಲಿ ಏನು ಕೇಳಲಿ? ಇನ್ನೂ ಕಾಲ ಮಿಂಚಿಲ್ಲ ಅಲ್ವಾ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ತಂಗೀ, ನಿಮ್ಮ ಪತ್ರ ಓದಿ ಪತ್ರಿಕೆ ಮಡಚಿಟ್ಟೆ. ಎರಡು ದಿನ ಬಿಟ್ಟು ಮತ್ತೆ ತೆಗೆದು ಓದಿದೆ. ನಿಮ್ಮ ಮಗನ ಜಾಗದಲ್ಲಿ ನನಗೆ ಕಂಡದ್ದು ನನ್ನ ತಮ್ಮ.

ಅವನು ನನಗಿಂತ ಮೂರು ವರ್ಷ ಚಿಕ್ಕವನು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಕಾಪಿ ಪುಸ್ತಕದ ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ 'ಉತ್ತಮ' ಅಂತ ಇರುತ್ತಿತ್ತು. ಅಪ್ಪ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಅವನಿಗೆ ಓದಲು ಬರುವುದಿಲ್ಲ ಅಂತ ಗೊತ್ತಿದ್ದದ್ದು ನನಗೊಬ್ಬಳಿಗೇ. ಬೋರ್ಡ್ ನೋಡಿ ಬರೆಯುತ್ತಿದ್ದ, ಚಿತ್ರ ಬಿಡಿಸಿದ ಹಾಗೆ. ಏನು ಬರೆದೆ ಅಂತ ಕೇಳಿದರೆ ಗೊತ್ತಿಲ್ಲ. ಸಂಜೆ ಪ್ರಶ್ನೋತ್ತರ ನಾನು ಬರೆದುಕೊಡುತ್ತಿದ್ದೆ, ಅವನು ಇಳಿಸಿಕೊಳ್ಳುತ್ತಿದ್ದ. ಪದ್ಯ ನಾಲ್ಕು ಸಲ ಹೇಳಿದರೆ ಬಾಯಿಪಾಠ. ಪುಸ್ತಕ ಮುಂದೆ ಹಿಡಿದು ಗಟ್ಟಿಯಾಗಿ ಹೇಳುತ್ತಿದ್ದ. ಎಲ್ಲರೂ ಅದನ್ನೇ ಓದು ಅಂದುಕೊಂಡರು. ತಮ್ಮನಿಗೆ ಪೆಟ್ಟು ತಪ್ಪಿಸುತ್ತಿದ್ದೇನೆ ಅಂತ ನಾನೂ ನಂಬಿದ್ದೆ.

ಎಂಟನೇ ತರಗತಿಗೆ ಪಕ್ಕದ ಊರಿನ ಹೈಸ್ಕೂಲು. ಮೊದಲ ವಾರವೇ ಮೇಷ್ಟ್ರು ಎದ್ದು ನಿಂತು ಓದು ಅಂದರು. ಹೊಸ ಪಾಠ, ನಾನು ಹೇಳಿಕೊಟ್ಟಿರಲಿಲ್ಲ. ಪುಸ್ತಕ ಹಿಡಿದು ನಿಂತೇ ಇದ್ದನಂತೆ. ಗಂಟೆ ಹೊಡೆಯುವವರೆಗೂ ಕೂರು ಅನ್ನಲಿಲ್ಲವಂತೆ. ಅವತ್ತಿನಿಂದ ಹೊಟ್ಟೆನೋವು ಶುರುವಾಯಿತು. ದಸರಾ ರಜೆ ಮುಗಿದ ಮೇಲೆ ಶಾಲೆ ಕಡೆ ತಿರುಗಿ ನೋಡಲಿಲ್ಲ.

ಈಗ ಅವನಿಗೆ 44. ಟೈಲ್ಸ್ ಕೆಲಸದಲ್ಲಿ ಒಳ್ಳೆ ಹೆಸರಿದೆ. ಮೊನ್ನೆ ಹೆಂಡತಿಗೆ ಜ್ವರ ಬಂದಾಗ ಔಷಧಿ ಚೀಟಿ ಹಿಡಿದುಕೊಂಡು ಬೈಕಿನಲ್ಲಿ ನಮ್ಮ ಮನೆಗೆ ಬಂದ. ಅದರಲ್ಲಿ ಕನ್ನಡದಲ್ಲೇ 'ಊಟದ ನಂತರ' ಅಂತ ಬರೆದಿತ್ತು. ಓದಿ ಹೇಳಿದೆ. ಅವನು ತಲೆ ಎತ್ತಲಿಲ್ಲ. ನನಗೂ ಅವನ ಮುಖ ನೋಡಲಾಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನೋಟ್ಸ್ ಪೂರ್ತಿ ಇದೆ ಅಂತ ಸಮಾಧಾನ ಪಡಬೇಡಿ. ನಿಮ್ಮ ಮಗ ಎಂದೂ ನೋಡದ ಒಂದು ಪುಟ ಕೊಟ್ಟು ಪಕ್ಕದಲ್ಲಿ ಕೂತು ಓದಿಸಿ. ನನ್ನ ಮಗ ಆರನೇ ತರಗತಿಯಲ್ಲಿದ್ದಾಗ ಹಾಗೆ ಮಾಡಿದೆ. 'ವಿಜ್ಞಾನಿ' ಅನ್ನುವುದನ್ನು 'ವಿಜಾನಿ' ಅಂದ. 'ಶಕ್ತಿ' ಹೋಗಿ 'ಶಕಿ' ಆಯಿತು. ಒತ್ತಕ್ಷರ ಕಂಡಲ್ಲೆಲ್ಲ ಹಾರಿಸುತ್ತಿದ್ದ. ನನ್ನ ಕೈ ನಡುಗಿತು. ಅವತ್ತಿನಿಂದ ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ. ಒಂದು ಸಾಲು ನಾನು ಓದುತ್ತಿದ್ದೆ, ಅದೇ ಸಾಲು ಅವನು. ಸಾಲಿನ ಕೆಳಗೆ ಇಬ್ಬರ ಬೆರಳೂ ಇರುತ್ತಿತ್ತು. ತಿಂಗಳಾದ ಮೇಲೆ ಒಂದು ಸಾಲು ನಾನು, ಮುಂದಿನ ಸಾಲು ಅವನು. ತಡವರಿಸಿದರೆ ಬಯ್ಯುತ್ತಿರಲಿಲ್ಲ. ಐದು ಎಣಿಸುವಷ್ಟು ಹೊತ್ತು ಕಾದು, ಪದ ಹೇಳಿ ಮುಂದೆ ಹೋಗುತ್ತಿದ್ದೆ. ಗಣೇಶನ ಹಬ್ಬಕ್ಕೆ ಶುರು ಮಾಡಿದ್ದು, ಸಂಕ್ರಾಂತಿ ದಾಟುವ ಹೊತ್ತಿಗೆ ಪೇಪರಿನ ಕ್ರೀಡಾ ಪುಟ ತಾನೇ ಓದುತ್ತಿದ್ದ.

ನಿಮ್ಮ ಮಗನ ಹೋಮ್‌ವರ್ಕ್ ಮಾತ್ರ ನೀವು ಬರೆದುಕೊಡಬೇಡಿ ತಂಗಿ. ನನ್ನ ಕೈಯಾರೆ ಆದ ತಪ್ಪು ಅದು.
— ಒಬ್ಬ ಅಕ್ಕ, ದಾವಣಗೆರೆ

ಈ ಅಕ್ಕ ಪತ್ರದ ಜೊತೆ ತಮ್ಮನ ಕಾಪಿ ಪುಸ್ತಕದ ಒಂದು ಹಾಳೆಯನ್ನೂ ಕಳಿಸಿದ್ದರು. ಜೋಪಾನವಾಗಿ ವಾಪಸ್ ಅಂಚೆಗೆ ಹಾಕಿದ್ದೇವೆ. ಮುಂದಿನದು ಕಾರ್ಡಿನಲ್ಲಿ ಬಂದದ್ದು.

ಏಳನೇ ತರಗತಿಗೆ ಬಂದ ಮೇಲೆ ಎಚ್ಚರವಾಯಿತೇ? ಆರು ವರ್ಷ ಅಂಕಪಟ್ಟಿಗೆ ಸಹಿ ಹಾಕಿದವರು ಯಾರು? ಮೊಬೈಲ್ ಕಿತ್ತಿಡಿ. ದಿನಕ್ಕೆ ಎರಡು ಪುಟ ಕಾಪಿ ಬರೆಸಿ. ತಾನೇ ಸರಿಹೋಗುತ್ತಾನೆ.
— ನಿವೃತ್ತ ಮುಖ್ಯೋಪಾಧ್ಯಾಯರು, ತುಮಕೂರು

ಕಾರ್ಡ್ ಬಂದ ಹಾಗೆಯೇ ಅಚ್ಚು ಹಾಕಿದ್ದೇವೆ. ಕಾಪಿ ಬರೆಸುವ ವಿಚಾರಕ್ಕೆ ಮೇಲಿನ ಪತ್ರವನ್ನು ಇನ್ನೊಮ್ಮೆ ನೋಡಬಹುದು. 'ಆರು ವರ್ಷ' ಅನ್ನುವ ಮಾತಿಗೆ ಈ ಶಿಕ್ಷಕಿಯ ಬಳಿ ಉತ್ತರ ಇದೆ.

ಆರರಿಂದ ಎಂಟನೇ ತರಗತಿಗೆ ಕನ್ನಡ ಹೇಳುತ್ತೇನೆ. ನಿಮ್ಮ ಮಗನಂಥವರು ನನ್ನ ತರಗತಿಯಲ್ಲೂ ಇದ್ದಾರೆ. ಲೆಕ್ಕ ಹಾಕಿ ನೋಡಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿದಾಗ ಈ ಮಕ್ಕಳು ಒಂದನೇ ತರಗತಿ. ಮತ್ತೆ ಶಾಲೆಯ ಹೊಸ್ತಿಲು ದಾಟಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೊತ್ತಿಗೆ ಮೂರನೇ ತರಗತಿ! ಮಧ್ಯೆ ವಿದ್ಯಾಗಮ ಅಂತ ಗುಡಿ ಕಟ್ಟೆಯ ಮೇಲೆ, ಮರದ ಕೆಳಗೆ ಸ್ವಲ್ಪ ದಿನ ಕೂಡಿಸಿ ಕಲಿಸಿದೆವು. ಅದೂ ನಿಂತಿತು. ಸಣ್ಣ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಗುಣಿತಾಕ್ಷರ, ಒತ್ತಕ್ಷರ ಗಟ್ಟಿಯಾಗುವ ಕಾಲವೇ ಅದು. ಮೂರರವರೆಗೆ ಕಾರ್ಡು, ಚಿತ್ರ, ಹಾಡು. ನಾಲ್ಕಕ್ಕೆ ಬಂದರೆ ಉದ್ದುದ್ದ ಪಾಠಗಳ ಪುಸ್ತಕ. 2022-23ರಲ್ಲಿ, ತಪ್ಪಿಹೋದ ಕಲಿಕೆ ತುಂಬಿಕೊಡಲು ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಕೆಲವರು ಹಿಡಿದುಕೊಂಡರು. ಹಿಂದೆ ಉಳಿದವರು, ಯಾರ ಕಣ್ಣಿಗೂ ಬೀಳದ ಹಾಗೆ ಸುಮ್ಮನೆ ಕೂರುವುದನ್ನು ಕಲಿತರು. ಇದರಲ್ಲಿ ತಾಯಿಯ ತಪ್ಪು ಏನಿದೆ?

ಶಾಲೆಯಲ್ಲಿ ಏನು ಕೇಳಲಿ ಅಂದಿರಿ. ಇದೊಂದು ಕೇಳಿ: "ಮೇಡಂ, ಇವನು ಎಲ್ಲಿ ನಿಲ್ಲುತ್ತಾನೆ?" ನಾನು ಜೂನ್ ತಿಂಗಳಲ್ಲಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಐದು ನಿಮಿಷ ಓದಿಸುತ್ತೇನೆ. ಮೊದಲು ಒತ್ತಕ್ಷರ ಇಲ್ಲದ ಪದ. ಆಮೇಲೆ ಅಕ್ಕ, ಅಜ್ಜ. ಆಮೇಲೆ ಪುಸ್ತಕ, ವಸ್ತು. ಕೊನೆಗೆ ರಾಷ್ಟ್ರ, ಸ್ವಾತಂತ್ರ್ಯ. ಹೋದ ವರ್ಷ ಒಬ್ಬ ಹುಡುಗ ಇವೆಲ್ಲ ಓದಿದ. 'ಸೂರ್ಯ', 'ವರ್ಷ', 'ಮಾರ್ಗ' ಬಂದಲ್ಲಿ ಮಾತ್ರ ನಿಂತ. ಅರ್ಕಾವತ್ತು! ಬರೆಯುವಾಗ ಕೊನೆಗೆ ಬರುತ್ತದೆ, ಓದುವಾಗ ಮೊದಲು ಹೇಳಬೇಕು. ಅದನ್ನು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಸೀಮೆಸುಣ್ಣದಲ್ಲಿ ಅರ್ಕಾವತ್ತಿನಿಂದ ಹಿಂದಕ್ಕೆ ಒಂದು ಬಾಣ ಎಳೆದು ತೋರಿಸಿದೆ. ಎರಡು ವಾರದಲ್ಲಿ ಸರಿಹೋಯಿತು. ಎಲ್ಲರದ್ದೂ ಇಷ್ಟು ಬೇಗ ಆಗುವುದಿಲ್ಲ. ಆದರೆ ಗಂಟು ಎಲ್ಲಿದೆ ಅಂತ ಗೊತ್ತಾಗದೆ ಬಿಚ್ಚುವುದು ಹೇಗೆ?

ಪಾಠ ಶುರು ಮಾಡುವ ಮೊದಲು ಅದರಲ್ಲಿರುವ ಹತ್ತು ಕಷ್ಟದ ಪದಗಳನ್ನು ಬೋರ್ಡ್ ಮೇಲೆ ತುಂಡು ಮಾಡಿ ಬರೆಯುತ್ತೇನೆ, ಸ್ವಾ-ತಂ-ತ್ರ್ಯ ಹೀಗೆ. ಎಲ್ಲರೂ ಕೂಡಿ ಹೇಳುತ್ತಾರೆ. ಆಮೇಲೆ ಪುಸ್ತಕ ತೆರೆಯುವುದು. ಬಿಸಿಯೂಟ ಮುಗಿದ ಮೇಲೆ ಹತ್ತು ನಿಮಿಷ ಇಬ್ಬಿಬ್ಬರು ಕೂತು ಓದುತ್ತಾರೆ. ಒಂದೇ ಪ್ಯಾರಾ, ನಾಲ್ಕು ದಿನ. ನಾಲ್ಕನೇ ದಿನ ಅವರ ದನಿಯೇ ಬೇರೆ ಇರುತ್ತದೆ.

ಒಂದು ಮಾತು ಖಡಕ್ಕಾಗಿ ಹೇಳುತ್ತೇನೆ. ಏಳನೇ ತರಗತಿ ಹುಡುಗನ ಕೈಗೆ ಒಂದನೇ ತರಗತಿ ಪುಸ್ತಕ ಕೊಡಬೇಡಿ. ಮುಖಪುಟದ ಬಲೂನು ನೋಡಿಯೇ ಮುದುಡಿಹೋಗುತ್ತಾನೆ. ಸೈಕಲ್ ಬಿಚ್ಚುವ ಹುಡುಗ ಅಲ್ವಾ? ಪಂಕ್ಚರ್ ಹಾಕುವುದು ಹೇಗೆ ಅಂತ ಅವನು ಹೇಳಲಿ. ಅವನು ಹೇಳಿದ ಹಾಗೇ ನೀವು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ, ಐದಾರು ಸಾಲು ಸಾಕು. ಮರುದಿನ ಅದನ್ನೇ ಓದಲಿ. ತಾನೇ ಆಡಿದ ಮಾತು, ಮುಂದಿನ ಪದ ಏನು ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ.
— ಪದವೀಧರ ಪ್ರಾಥಮಿಕ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಇಂಗ್ಲಿಷ್ ಮೀಡಿಯಂಗೆ ಹಾಕಿ ಎಂದು ಕೆಲವರು, ಹಾಕಲೇಬೇಡಿ ಎಂದು ಇನ್ನೂ ಕೆಲವರು ಬರೆದಿದ್ದಾರೆ. ಆ ತಾಯಿ ಅದನ್ನು ಕೇಳಿರಲಿಲ್ಲ. ಆ ಪತ್ರಗಳನ್ನು ಬೇರೆ ತೆಗೆದಿಟ್ಟಿದ್ದೇವೆ. ಇಲ್ಲೊಬ್ಬರು ತಮ್ಮ ಮನೆಯ ಕಥೆ ಹೇಳಿದ್ದಾರೆ.

ನನ್ನ ಮಗಳದ್ದು ಇದಕ್ಕೆ ಉಲ್ಟಾ. ಎಲ್ಲೂ ನಿಲ್ಲದೆ ಓದುತ್ತಾಳೆ. ಮೊನ್ನೆ ವಿಜ್ಞಾನ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಅಂತ ಸಲೀಸಾಗಿ ಓದಿದಳು. ಹಾಗಂದ್ರೇನು ಅಂದೆ. ನನ್ನ ಮುಖ ನೋಡಿದಳು. ನಾವು ತಾಂಡಾದವರು, ಮನೆ ಮಾತು ಲಂಬಾಣಿ. ಶಿಕ್ಷಕರನ್ನು ಕೇಳಿ ತಿಳಿದುಕೊಂಡು, ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಜೋಳದ ಎಲೆ ಹಿಡಿದು ನಮ್ಮ ಮಾತಿನಲ್ಲೇ ಹೇಳಿದೆ. ಬಿಸಿಲೇ ಇದಕ್ಕೆ ಒಲೆ. ನೀರು ಬೇರಿನಿಂದ ಬರುತ್ತೆ, ಗಾಳಿ ಎಲೆಯಿಂದ. ಅಡುಗೆ ಇಲ್ಲೇ ಆಗುತ್ತೆ. ಮನೆಗೆ ಬಂದು ಅದೇ ಸಾಲು ಮತ್ತೆ ಓದಿ ತಮ್ಮನಿಗೆ ಹೇಳಿಕೊಟ್ಟಳು. ಬರೀ ಓದಿಸಿ ಬಿಡಬೇಡಿ. ಏನು ಓದಿದೆ ಅಂತ ಮನೆ ಮಾತಿನಲ್ಲಿ ಹೇಳಿಸಿ.
— ಒಬ್ಬ ತಂದೆ, ವಿಜಯಪುರ ಜಿಲ್ಲೆ

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಮಕ್ಕಳನ್ನು ಓದಿಗೆ ಸೆಳೆಯುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಪಂಚಾಯಿತಿಯಲ್ಲೂ ಇರುತ್ತದೆ, ಒಮ್ಮೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಹುಡುಗರು ಮೊದಲು ಬರುವುದು ಕೇರಂ ಆಡಲು. ಬರಲಿ ಬಿಡಿ. ಸರದಿ ಬರುವವರೆಗೆ ಕೈಗೆ ಸಿಗುವ ಹಾಗೆ ತೆಳ್ಳಗಿನ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಟ್ಟಿರುತ್ತೇನೆ, ಕಪಾಟಿನಲ್ಲಿ ಇಡುವುದಿಲ್ಲ. ಪುಸ್ತಕ ವಾಪಸ್ ತಂದಾಗ ನಾನು ಪರೀಕ್ಷೆ ಮಾಡುವುದಿಲ್ಲ. "ಮುಂದೆ ಯಾವುದು ಬೇಕು?" ಅಂತ ಮಾತ್ರ ಕೇಳುತ್ತೇನೆ.
— ಗ್ರಂಥಾಲಯ ಮೇಲ್ವಿಚಾರಕ, ಉತ್ತರ ಕನ್ನಡ

ದಿನವೂ ಪಕ್ಕದಲ್ಲಿ ಕೂತರೂ ಬಿಚ್ಚದ ಗಂಟು ಇರಬಹುದು. ಅಂಥ ಮಕ್ಕಳಿಗಾಗಿ ಈ ಪತ್ರ.

ಮೊದಲು ಕಣ್ಣು ತೋರಿಸಿ. ಶಾಲೆಗೆ ಆರೋಗ್ಯ ತಪಾಸಣೆ ತಂಡ ಬರುತ್ತದೆ, ಅವರಿಗೆ ಹೇಳಿದರೂ ಆಯಿತು. ನನ್ನ ಮಗಳ ಕಣ್ಣು, ಕಿವಿ ಎರಡೂ ಸರಿ ಇದ್ದವು. ಮನೆಯಲ್ಲಿ ಒಂದು ವರ್ಷ ಓದಿಸಿದೆವು. ಇವತ್ತು ಓದಿದ ಪದ ನಾಳೆಗೆ ಹೊಸದು. ಬ, ಭ ಗೊತ್ತಾಗುತ್ತಿರಲಿಲ್ಲ. ಸೋಮಾರಿ ಅಂತ ನಾನೇ ಎಷ್ಟು ಬಯ್ದಿದ್ದೇನೆ! ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಡಿಸ್ಲೆಕ್ಸಿಯಾ ಅಂದರು, ಅಂದರೆ ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ಕಲಿಕಾ ನ್ಯೂನತೆ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಅವಳ ಎದುರೇ ಹೇಳಿದರು. ಅವಳು ಆಚೆ ಬಂದು ಜೋರಾಗಿ ಅತ್ತುಬಿಟ್ಟಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಎಲ್ಲ ಮಕ್ಕಳಿಗೂ ಇದೇ ಇರುತ್ತದೆ ಅಂತಲ್ಲ. ಆದರೆ ಆರು ತಿಂಗಳು ಜೊತೆಗೆ ಕೂತರೂ ಅಲುಗದಿದ್ದರೆ ತಡಮಾಡಬೇಡಿ.
— ಒಬ್ಬ ತಾಯಿ, ಮೈಸೂರು

ಆ ಹುಡುಗನ ಅಪ್ಪ ಎಲ್ಲಿ? ಪತ್ರದಲ್ಲಿ ಅವರ ಸುದ್ದಿಯೇ ಇಲ್ಲವಲ್ಲ.
— ಓದುಗ, ಕುಂದಾಪುರ

ಕೊನೆಯ ಪತ್ರ ರೂಲ್ಡ್ ಹಾಳೆಯಲ್ಲಿ, ಪೆನ್ಸಿಲಿನಲ್ಲಿ ಬಂದಿದೆ. ಇದರ ಪ್ರತಿಯನ್ನು ಮದ್ದೂರಿನ ತಾಯಿಗೆ ಮೊದಲೇ ಕಳಿಸಿದ್ದೇವೆ.

ನಾನು ಎಂಟನೇ ಕ್ಲಾಸ್. ನನಗೂ ಹೀಗೇ ಆಗುತ್ತದೆ. ಒಬ್ಬಳೇ ಇದ್ದಾಗ ಓದಲು ಬರುತ್ತದೆ. ಕ್ಲಾಸಲ್ಲಿ ಸಾಲಾಗಿ ಓದಿಸುವಾಗ ಮುಂದೆ ಎಷ್ಟು ಜನ ಇದ್ದಾರೆ ಅಂತ ಎಣಿಸಿ, ನನಗೆ ಯಾವ ಪ್ಯಾರಾ ಬರುತ್ತದೆ ಅಂತ ನೋಡಿ, ಅದನ್ನೇ ಮನಸ್ಸಿನಲ್ಲಿ ಓದುತ್ತಾ ಇರುತ್ತೇನೆ. ಅದಕ್ಕೇ ಬೇರೆಯವರು ಓದಿದ್ದು ಕೇಳಿಸುವುದಿಲ್ಲ. ಮಧ್ಯೆ ಯಾರನ್ನಾದರೂ ಬಿಟ್ಟರೆ ನನ್ನ ಪ್ಯಾರಾ ತಪ್ಪಿಹೋಗುತ್ತದೆ, ಆಗ ಕಣ್ಣು ಮಂಜಾಗುತ್ತದೆ. ಈ ವರ್ಷ ಹೊಸ ಮೇಡಂ ಬಂದಿದ್ದಾರೆ. ಅವರು ಹಿಂದಿನ ದಿನವೇ "ನಾಳೆ ಇದು ನಿಂದು" ಅಂತ ಗುರುತು ಹಾಕಿಕೊಡುತ್ತಾರೆ. ನಾನು ರಾತ್ರಿ ಅಜ್ಜಿಗೆ ಓದಿ ಹೇಳುತ್ತೇನೆ. ಅಜ್ಜಿಗೆ ಓದು ಬರಲ್ಲ. ಆದರೆ ಪ್ಯಾರಾ ಮುಗಿದ ತಕ್ಷಣ ಆಮೇಲೇನಾಯ್ತು ಅಂತಾರೆ, ಅದಕ್ಕೆ ಮುಂದಿನ ಪ್ಯಾರಾನೂ ಓದುತ್ತೇನೆ. ಆ ತಮ್ಮನ ಮೇಡಂಗೂ ಹಿಂದಿನ ದಿನ ಹೇಳುವುದಕ್ಕೆ ಹೇಳಿ.
— ವಿದ್ಯಾರ್ಥಿನಿ, ಚಿಂತಾಮಣಿ ತಾಲ್ಲೂಕು